ಸಹಿ ಹಾಕಿದವಳು ಒಬ್ಬಳೇ



ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ, ಅಗ್ರಹಾರದ ಕಡೆಯ ತಾಯಿಯೊಬ್ಬರು ಗುರುಗಳ ಮನೆಯ ಜಗಲಿಗೆ ಬಂದು ನಿಂತರು. ಮನೆಯಲ್ಲೇ ಊದುಬತ್ತಿ ಹೊಸೆಯುವವರು. ಪತಿ ಆಟೋ ಓಡಿಸುತ್ತಾರೆ. (ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಆದರೂ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) "ಫಾದರ್, ನಾನು ಆಪರೇಷನ್ ಮಾಡಿಸ್ಕೊಂಡು ಎಂಟು ವರ್ಷ ಆಯ್ತು. ಅವತ್ತಿಂದ ಪರಮಪ್ರಸಾದ ತಗೊಂಡಿಲ್ಲ. ಈಗ ತಗೋಬಹುದಾ?" ಎಂದರು.

ಏಕೆ ಮಾಡಿಸಿಕೊಂಡಿರಿ ಎಂದು ಕೇಳಿದೆ. "ಮೊದಲನೇದು ಹೆಣ್ಣು, ಎರಡನೇದು ಗಂಡಾಯ್ತು. ಇನ್ನು ಸಾಕು ಅಂತ ಅತ್ತೆ ಹೇಳಿದ್ರು, ನಮ್ಮ ಯಜಮಾನ್ರು ಹೂಂ ಅಂದ್ರು, ನರ್ಸಮ್ಮ ಕಾಗದ ತಂದ್ರು. ನಾನು ಸಹಿ ಹಾಕ್ದೆ."

ಪಾಪನಿವೇದನೆ ಮಾಡಿ ಅಮ್ಮ, ದೇವರು ಕ್ಷಮಿಸುತ್ತಾನೆ ಎಂದು ಹೇಳಿ ಕಳುಹಿಸಿದೆ. ಉತ್ತರವೇನೋ ತಪ್ಪಲ್ಲ. ಆದರೆ ಆಕೆ ಗೇಟು ದಾಟುವಾಗ ನನಗೊಂದು ನೆನಪಾಯಿತು. ಆ ಪತಿ ಪ್ರತಿ ಭಾನುವಾರ ನನ್ನ ಕೈಯಿಂದಲೇ ಪರಮಪ್ರಸಾದ ಸ್ವೀಕರಿಸುತ್ತಿದ್ದರು. ಅತ್ತೆಯೂ ಅಷ್ಟೆ. ಅವರಿಬ್ಬರೂ ಇಂಥ ಪ್ರಶ್ನೆಯನ್ನು ಕೇಳಲಿಲ್ಲ. ಅವರನ್ನು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ಒಂದು ಭೇದವನ್ನು ಬಾಯಿಪಾಠ ಮಾಡಿದ್ದೆವು. ಮನುಷ್ಯನಿಂದ ನಡೆದದ್ದೆಲ್ಲ ನೈತಿಕ ಕ್ರಿಯೆಯಲ್ಲ. ಅರಿತು, ಮನಸ್ಸಾರೆ ಮಾಡಿದ್ದು ಮಾತ್ರ ಆ ಹೆಸರಿಗೆ ತಕ್ಕದ್ದು. ಅಜ್ಞಾನವೂ ಭಯವೂ ಬಲವಂತವೂ ಹೊಣೆಯನ್ನು ಕುಗ್ಗಿಸಬಲ್ಲವು. ಹಳೆಯ ಜ್ಞಾನೋಪದೇಶದಲ್ಲಿ ಇನ್ನೊಂದು ಪಾಠವೂ ಇತ್ತು, ಹಿರಿಯರಿಗೆ ನೆನಪಿರಬಹುದು: ಪರರ ಪಾಪದಲ್ಲಿ ಪಾಲುಗೊಳ್ಳುವ ಒಂಬತ್ತು ವಿಧಗಳು. ಸಲಹೆಯಿಂದ, ಆಜ್ಞೆಯಿಂದ, ಸಮ್ಮತಿಯಿಂದ, ಮೌನದಿಂದ... ಆ ತಾಯಿಯ ಕಥೆಯಲ್ಲಿ ಇವೆಲ್ಲ ಇದ್ದವು. ಸಹಿ ಮಾತ್ರ ಒಬ್ಬರದು.

ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 57 ಮಂದಿಗೆ ಈ ಶಸ್ತ್ರಚಿಕಿತ್ಸೆಯಾಗಿದೆ. ಗಂಡಸರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಹಿಂದೆ ಹೀಗಿರಲಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, ದೇಶದಲ್ಲಿ ನಡೆದ 80 ಲಕ್ಷಕ್ಕೂ ಮಿಕ್ಕಿದ ಶಸ್ತ್ರಚಿಕಿತ್ಸೆಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆದವು, ಅವುಗಳಲ್ಲಿ ಬಲವಂತದವು ಎಷ್ಟೋ. ಜನ ರೊಚ್ಚಿಗೆದ್ದರು. ಆಮೇಲೆ ಸರ್ಕಾರಗಳು ಗಂಡಸರ ತಂಟೆಗೆ ಹೋಗಲಿಲ್ಲ. ಭಾರವೆಲ್ಲ ಹೆಂಗಸರ ಮೇಲೆ ಜಾರಿತು. ಹೆರಿಗೆಯ ಹಾಸಿಗೆಯಲ್ಲಿ, ದಣಿದ ಮೈಯಲ್ಲಿ ಇರುವವಳನ್ನು ಒಪ್ಪಿಸುವುದು ಸುಲಭವಲ್ಲವೇ? ಗಂಡನ ಸಹಿ ಕಡ್ಡಾಯವಲ್ಲ ಎಂದು ಸರ್ಕಾರದ ನಿಯಮವೇ ಹೇಳುತ್ತದೆ. ಆದರೆ ಗಂಡನೂ ಅತ್ತೆಯೂ ಮನೆಯಲ್ಲೇ ತೀರ್ಮಾನಿಸಿ ಆಗಿದ್ದರೆ ಆ ನಿಯಮದಿಂದ ಅವಳಿಗೇನು ಬಂತು?

ನಮ್ಮ ಮೈಸೂರಿಗೂ ಈ ವಿಷಯಕ್ಕೂ ಹಳೆಯ ನಂಟು. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸಂಸ್ಥಾನದ ಸರ್ಕಾರ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶಿಸಿತು; ಸರ್ಕಾರವೇ ಇಂಥದ್ದನ್ನು ತೆರೆದದ್ದು ಜಗತ್ತಿನಲ್ಲಿ ಅದೇ ಮೊದಲು ಎನ್ನುತ್ತಾರೆ. ಅದೇ ವರ್ಷದ ಕೊನೆಯ ದಿನ ಹನ್ನೊಂದನೇ ಭಕ್ತಿನಾಥ ಪೋಪರು, ಅಂದರೆ ಹನ್ನೊಂದನೇ ಪಿಯುಸರು, ವಿವಾಹದ ಬಗ್ಗೆ ವಿಶ್ವಪತ್ರ ಹೊರಡಿಸಿ ಕೃತಕ ವಿಧಾನಗಳನ್ನು ನಿಷೇಧಿಸಿದರು. ಅರಮನೆಯೂ ರೋಮ್ ನಗರಿಯೂ ಮಾತನಾಡಿದವು. ಅಗ್ರಹಾರದ ಓಣಿಯ ಹೆಂಗಸನ್ನು ಯಾರು ಕೇಳಿದರು?

ಧರ್ಮಸಭೆ ಒಪ್ಪುವ ನೈಸರ್ಗಿಕ ವಿಧಾನವನ್ನೂ ನಮ್ಮ ನೆಲದಲ್ಲಿ ಪರೀಕ್ಷಿಸಿದ್ದಾರೆ. ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ, 1950ರ ದಶಕದ ಆರಂಭದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಡಾ. ಅಬ್ರಹಾಂ ಸ್ಟೋನ್ ಬಂದರು. ಅವರ ಯೋಜನೆ ನಡೆದ ಸ್ಥಳಗಳಲ್ಲಿ ನಮ್ಮ ರಾಮನಗರವೂ ಒಂದು. ದಿನ ಎಣಿಸಲು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು: ದಿನಕ್ಕೊಂದು ಮಣಿ ಸರಿಸಬೇಕು, ಬಣ್ಣ ನೋಡಿ ನಡೆಯಬೇಕು. ಕಲಿಯಲು ಮುಂದೆ ಬಂದವರು ಬಹಳ, ಕೊನೆವರೆಗೆ ಪಾಲಿಸಿದವರು ಕೆಲವರೇ. ಮಣಿ ಹಿಂದುಮುಂದಾಗಿ ಸರಿಸಿದರಂತೆ, ಕತ್ತಲಲ್ಲಿ ಬಣ್ಣ ತಿಳಿಯಲಿಲ್ಲವಂತೆ ಎಂದು ಕಥೆಗಳು ಹುಟ್ಟಿದವು. ಆ ಹೆಂಗಸರನ್ನು ನೆನೆದು ನಗುವವರು ಒಂದು ಯೋಚಿಸಲಿ. ಮಣಿಯನ್ನು ಸರಿಯಾಗಿಯೇ ಎಣಿಸಿದರೂ, "ಇವತ್ತು ಬೇಡ" ಎಂಬ ಮಾತನ್ನು ಕುಡಿದು ಬಂದ ಗಂಡನಿಗೆ, ಒಂದೇ ಕೋಣೆಯ ಮನೆಯಲ್ಲಿ, ಮಗ್ಗುಲಲ್ಲೇ ಅತ್ತೆ ಮಲಗಿರುವಾಗ ಹೇಳುವುದು ಹೇಗೆ? ಸರ ಇದ್ದದ್ದು ಹೆಂಡತಿಯ ಕೊರಳಲ್ಲಿ. ಸಂಯಮ ಬೇಕಾದದ್ದು ಇಬ್ಬರಿಗೆ.

1968ರಲ್ಲಿ ಆರನೇ ಪೌಲ್ ಪೋಪರು ಬರೆದ 'ಹುಮಾನೆ ವೀಟೆ' ಪತ್ರವನ್ನು ನಾವು ಗುರುಗಳು ಬಹುತೇಕ ನಿಷೇಧದ ಪತ್ರವೆಂದೇ ಬೋಧಿಸಿದ್ದೇವೆ. ಆ ನಿಷೇಧವನ್ನು ನಾನು ಸಡಿಲಿಸುತ್ತಿಲ್ಲ, ಅದು ನನ್ನ ಅಧಿಕಾರವೂ ಅಲ್ಲ. ಆದರೆ ಅದೇ ಪತ್ರದಲ್ಲಿ ಹೊಣೆಯರಿತ ತಂದೆತಾಯ್ತನದ ಮಾತಿದೆ. ದೇಹಸ್ಥಿತಿ, ಹಣಕಾಸು, ಮನಸ್ಸು, ಸಮಾಜ ಎಲ್ಲವನ್ನೂ ತೂಗಿ ನಿರ್ಧರಿಸಬೇಕಾದವರು ದಂಪತಿಗಳು. ಗಂಡ ತನ್ನಿಚ್ಛೆಯನ್ನು ಹೆಂಡತಿಯ ಮೇಲೆ ಹೇರುವುದು ಪ್ರೀತಿಯ ಕ್ರಿಯೆಯಲ್ಲ ಎಂದೂ ಅಲ್ಲಿದೆ. ಗಂಡನ ದೇಹದ ಮೇಲೂ ಹೆಂಡತಿಗೆ ಅಧಿಕಾರವುಂಟೆಂದು ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರೆ. ಈ ವಾಕ್ಯದ ಮೇಲೆ ಪ್ರಬೋಧನೆ ಕೇಳಿದವರು ನಿಮ್ಮಲ್ಲಿ ಎಷ್ಟು ಮಂದಿ? ನಾನಂತೂ ಬಹಳ ವರ್ಷ ಮಾಡಿರಲಿಲ್ಲ.

ಆ ತಾಯಿಯ ಮನೆಗೆ ಆಮೇಲೆ ಹೋದೆ. ಪತಿಯೊಂದಿಗೆ ಮಾತನಾಡಬೇಕು ಎಂದೆ. "ಅದು ಹೆಂಗಸರ ವಿಷಯ ಫಾದರ್, ಅವಳನ್ನೇ ಕೇಳಿ" ಎಂದು ಕುರ್ಚಿ ಎಳೆದು ಕೊಟ್ಟು, ಆಟೋ ಸ್ಟಾರ್ಟ್ ಮಾಡಿದರು. ಎರಡನೇ ಸಲವೂ ಹೋದೆ. ಮೂರನೇ ಸಲ ಅವರು ಹೋಗಲಿಲ್ಲ, ಕೂತರು. ಮಾತು ನಡೆದದ್ದು ಸ್ವಲ್ಪವೇ. ಮುಂದಿನ ಶನಿವಾರ ಸಂಜೆ ಪಾಪನಿವೇದನೆಯ ಸಾಲಿನಲ್ಲಿ ಇಬ್ಬರೂ ನಿಂತಿದ್ದರು, ಅವರು ಮುಂದೆ, ಆಕೆ ಹಿಂದೆ.

ಈಗ ವಿವಾಹಪೂರ್ವ ತರಬೇತಿಯಲ್ಲಿ ಈ ಪಾಠ ಬಂದಾಗ ಹುಡುಗರನ್ನು ಮುಂದಿನ ಬೆಂಚಿಗೆ ಕರೆಯುತ್ತೇನೆ. ಹುಡುಗಿಯರು ನೋಟ್ಸ್ ಬರೆದುಕೊಳ್ಳುತ್ತಾರೆ, ಹುಡುಗರು ಬಾಗಿಲ ಕಡೆ ನೋಡುತ್ತಾರೆ. ಹೋದ ಸಲ ಒಬ್ಬ ಎದ್ದು, "ಇದನ್ನೆಲ್ಲ ನಾವೂ ಕಲೀಬೇಕಾ ಫಾದರ್?" ಎಂದ. ನಾನು ಬಾಯಿ ತೆರೆಯುವ ಮೊದಲೇ, ಅವನನ್ನು ಮದುವೆಯಾಗಲಿದ್ದ ಹುಡುಗಿ ತನ್ನ ಪೆನ್ನನ್ನು ಅವನ ಕೈಗೆ ಕೊಟ್ಟಳು.