ಕಂಪ್ಯೂಟರಿನ ಕೌದಿ: ‘ನನ್ನದು’ ಎಂದರೇನು?

ಒಂದು ವಸ್ತುವನ್ನು ತೋರಿಸಿ ‘ಇದು ನನ್ನದು’ ಎನ್ನುವಾಗ ನಾವು ಎರಡು ಮಾತುಗಳಲ್ಲಿ ಯಾವುದಾದರೊಂದನ್ನು ಹೇಳುತ್ತಿರುತ್ತೇವೆ. ಇದರ ಒಡೆತನ ನನ್ನದು ಎಂಬುದು ಒಂದು. ಇದನ್ನು ಮಾಡಿದ್ದು ನಾನು ಎಂಬುದು ಇನ್ನೊಂದು. ಮೊದಲನೆಯದನ್ನು ಅಂಗಡಿಯ ರಸೀದಿ ತೋರಿಸಿ ಸಾಬೀತು ಮಾಡಬಹುದು. ಎರಡನೆಯದು ಅಷ್ಟು ಸುಲಭವಲ್ಲ. ಕೈಕೆಲಸಗಳೊಳಗೆ ಕಂಪ್ಯೂಟರ್ ಹೊಕ್ಕ ಮೇಲೆ ಅದು ಇನ್ನಷ್ಟು ತೊಡಕಾಗಿದೆ. ಈ ತೊಡಕನ್ನು ಬಿಡಿಸಲು ಹೊಲಿಗೆಯ ಲೋಕದ ಒಂದು ಉದಾಹರಣೆಯನ್ನು ಎತ್ತಿಕೊಳ್ಳೋಣ.

ಅಮೆರಿಕದ ಕ್ವಿಲ್ಟ್ ನಮ್ಮ ಉತ್ತರ ಕರ್ನಾಟಕದ ಕೌದಿಯ ದೂರದ ಬಂಧು. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಪದರ. ಮೂರನ್ನೂ ಸೇರಿಸಿ ಹೊಲಿದರೆ ಹೊದಿಕೆ ಸಿದ್ಧ. ಅಲ್ಲಿಯ ಮೇಲ್ಪದರವನ್ನು ಹೆಚ್ಚಾಗಿ ಒಂದೇ ಅಳತೆಯ ಚೌಕಗಳನ್ನು ಜೋಡಿಸಿ ಮಾಡುತ್ತಾರೆ. ಆ ಚೌಕಕ್ಕೆ ‘ಬ್ಲಾಕ್’ ಎಂದು ಹೆಸರು. ಒಂಬತ್ತು ತುಂಡುಗಳ ‘ನೈನ್ ಪ್ಯಾಚ್’, ನಡುವಿನ ಸಣ್ಣ ಚೌಕದ ಸುತ್ತ ಪಟ್ಟಿಗಳನ್ನು ಗೋಡೆಯಂತೆ ಕಟ್ಟುತ್ತ ಹೋಗುವ ‘ಲಾಗ್ ಕ್ಯಾಬಿನ್’, ನಕ್ಷತ್ರದ ‘ಓಹಾಯೊ ಸ್ಟಾರ್’ ಹೀಗೆ ಒಂದೊಂದು ವಿನ್ಯಾಸಕ್ಕೂ ಒಂದು ಹೆಸರಿದೆ. ಇವು ತಾಯಿಯಿಂದ ಮಗಳಿಗೆ, ನೆರೆಮನೆಯಿಂದ ನೆರೆಮನೆಗೆ ದಾಟಿ ಬಂದವು. 1928ರಿಂದ 1961ರವರೆಗೆ ‘ಕನ್ಸಾಸ್ ಸಿಟಿ ಸ್ಟಾರ್’ ಪತ್ರಿಕೆ ಇಂತಹ ವಿನ್ಯಾಸಗಳನ್ನು ಓದುಗರಿಗಾಗಿ ಅಚ್ಚು ಹಾಕುತ್ತಿತ್ತು.

ಈಗ ಇದೇ ಕೆಲಸಕ್ಕೆ ಸಾಫ್ಟ್‌ವೇರ್ ಇದೆ. ಓಹಾಯೊ ರಾಜ್ಯದ ‘ಇಲೆಕ್ಟ್ರಿಕ್ ಕ್ವಿಲ್ಟ್’ ಕಂಪೆನಿ 1991ರಿಂದ ಇದನ್ನು ಮಾಡುತ್ತಿದೆ. ಅದರ ಎಂಟನೆಯ ಆವೃತ್ತಿ 2017ರಲ್ಲಿ ಬಂತು. ಪರದೆಯ ಮೇಲೆ ಚೌಕುಳಿ ಗೆರೆಗಳಿರುತ್ತವೆ. ಅವುಗಳ ಮೇಲೆ ನಮಗೆ ಬೇಕಾದ ಆಕಾರ ಎಳೆದು, ಬಣ್ಣ ತುಂಬಿ, ಒಂದು ಗುಂಡಿ ಒತ್ತಿದರೆ ಆ ಚೌಕ ಇಡೀ ಹೊದಿಕೆಯ ತುಂಬ ಹರಡಿಕೊಳ್ಳುತ್ತದೆ. ಒಂದನ್ನು ಬಿಟ್ಟು ಒಂದನ್ನು ತಿರುಗಿಸಿದರೆ, ಒಂಟಿ ಚೌಕದಲ್ಲಿ ಇಲ್ಲದ ಹೊಸ ಆಕೃತಿಯೊಂದು ಅಂಚುಗಳು ಕೂಡುವ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಕೊನೆಗೆ ಕತ್ತರಿಸಬೇಕಾದ ಅಳತೆ, ಕೊಳ್ಳಬೇಕಾದ ಬಟ್ಟೆಯ ಲೆಕ್ಕ ಎರಡನ್ನೂ ಅದೇ ಕೊಡುತ್ತದೆ.

ಈ ಲೆಕ್ಕವನ್ನು ಹಗುರವಾಗಿ ಕಾಣಬಾರದು. ಹೊಲಿದ ಮೇಲೆ 12 ಇಂಚು ಬರಬೇಕಾದ ನೈನ್ ಪ್ಯಾಚ್‌ನ ಒಂದೊಂದು ತುಂಡು 4 ಇಂಚು ಕಾಣಬೇಕು. ಆದರೆ ನಾಲ್ಕೂ ಬದಿಗೆ ಹೊಲಿಗೆಗಾಗಿ ಕಾಲು ಇಂಚು ಬಿಡಬೇಕಾದ್ದರಿಂದ ಕತ್ತರಿಸಬೇಕಾದದ್ದು 4½ ಇಂಚು. ಇದನ್ನು ಮರೆತು 4 ಇಂಚಿಗೆ ಕತ್ತರಿಸಿದರೆ ಚೌಕ 10½ ಇಂಚಿಗೆ ಇಳಿಯುತ್ತದೆ. ತ್ರಿಕೋನಗಳು ಬಂದರಂತೂ ಲೆಕ್ಕ ಇನ್ನೂ ಬಿಗಿ. ಹೆಚ್ಚು ಓದಿಲ್ಲದವರು, ಕಣ್ಣು ಮಂಜಾದವರು, ಕೈ ನಡುಗುವವರು ಕೂಡ ಈ ಬಿಗಿಯಿಂದ ಪಾರಾಗಿ ತಮ್ಮ ಮನಸ್ಸಿನ ಚಿತ್ರವನ್ನು ಕಾಣುವಂತಾದರೆ ಅದು ಸಂತೋಷದ ಸಂಗತಿಯೇ. ಯಂತ್ರ ಬಂತು, ಕಲೆ ಸತ್ತಿತು ಎಂದು ಗೋಳಾಡುವುದರಲ್ಲಿ ಅರ್ಥವಿಲ್ಲ. ಹೊಲಿಗೆ ಯಂತ್ರವೂ ಒಂದು ಕಾಲಕ್ಕೆ ಹೊಸದೇ ಆಗಿತ್ತು.

ಹಾಗಾದರೆ ಪರದೆಯ ಮೇಲೆ ಹುಟ್ಟಿದ ಚೌಕ ಯಾರದು? ಹೊಸದಾಗಿ ಕಲ್ಪಿಸಿದ್ದರಿಂದ ಅದು ನಮ್ಮದು ಎನ್ನೋಣವೇ? ಒಂಬತ್ತು ಮನೆಗಳಿಗೆ ಎರಡೇ ಬಣ್ಣ ತುಂಬಿದರೂ 512 ಜೋಡಣೆಗಳು ಸಾಧ್ಯ. ಅವುಗಳಲ್ಲಿ ಅನೇಕವು ತಿರುಗಿಸಿದರೆ ಒಂದೇ. ಉಳಿದವುಗಳಲ್ಲಿ ಹಲವನ್ನು ಯಾರೋ ಎಂದೋ ಹೊಲಿದಿರುತ್ತಾರೆ. ಹಳೆಯ ಬ್ಲಾಕ್‌ಗಳ ಹೆಸರು ಕಲೆಹಾಕಿದ ಒಂದು ಸಂಗ್ರಹದಲ್ಲಿ 4 ಸಾವಿರಕ್ಕೂ ಹೆಚ್ಚು ವಿನ್ಯಾಸಗಳಿವೆ. ಹೊಸದೆಂದು ನಾವು ಬೀಗುವುದು ಎಷ್ಟೋ ಸಲ ನಮಗೆ ಗೊತ್ತಿಲ್ಲದ ಹಳೆಯದು. ಇನ್ನು ಬಣ್ಣ ಆರಿಸಿದ್ದರಿಂದ ನಮ್ಮದು ಎನ್ನೋಣವೇ? ಅಂಗಡಿಯಲ್ಲಿ ಸೀರೆ ಆರಿಸುವವರೂ ಅಷ್ಟನ್ನು ಮಾಡುತ್ತಾರೆ. ಶ್ರಮಪಟ್ಟಿದ್ದರಿಂದ ಎಂದರೆ, ಶ್ರಮದ ಬಹುಭಾಗವನ್ನು ಯಂತ್ರಕ್ಕೆ ಒಪ್ಪಿಸಿಯಾಗಿದೆ. ಮೂರು ಉತ್ತರಗಳಲ್ಲೂ ಒಂದಿಷ್ಟು ನಿಜವಿದೆ, ಯಾವುದೂ ಪೂರ್ತಿಯಲ್ಲ.

ಇಲ್ಲಿ ನಮ್ಮದೇ ನಾಡಿನ ಸಿದ್ದಿ ಮಹಿಳೆಯರ ಕೈಕೆಲಸವನ್ನು ನೆನೆಯಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ನೆಲೆಸಿರುವ ಈ ಜನರ ಹಿರಿಯರು ಆಫ್ರಿಕದಿಂದ ಬಂದವರು. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಕೌದಿ ಎಲ್ಲರ ಮನೆಯಲ್ಲೂ ಇದೆ. ಅದನ್ನು ಹೊಲಿಯುವವರು ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಉಟ್ಟು ಸವೆದ ಬಟ್ಟೆಗಳನ್ನು ಹರಡಿಕೊಂಡು, ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೈಗೆ ಸಿಕ್ಕ ತುಂಡು ಯಾವುದೋ ಅದು ಮುಂದಿನ ತುಂಡಿನ ಜಾಗವನ್ನು ಹೇಳುತ್ತದೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಮಡಿಚಿದ ತ್ರಿಕೋನದ ‘ಫೂಲ್’ ಇಟ್ಟರೆ ಮಾತ್ರ ಕೌದಿ ಮುಗಿದಂತೆ. ಅದಿಲ್ಲದಿದ್ದರೆ ಕೌದಿ ಬತ್ತಲೆಯಾಗಿಯೇ ಉಳಿಯಿತು ಎಂಬುದು ಅವರ ಭಾವನೆ.

ಎರಡು ದಾರಿಗಳ ನಡುವಿನ ವ್ಯತ್ಯಾಸವನ್ನು ಗಮನಿಸಿ. ಕೌದಿಯಲ್ಲಿ ಮೊದಲು ಬಟ್ಟೆ, ಆಮೇಲೆ ವಿನ್ಯಾಸ. ಪರದೆಯಲ್ಲಿ ಮೊದಲು ವಿನ್ಯಾಸ, ಆಮೇಲೆ ಅದಕ್ಕೆ ತಕ್ಕ ಹೊಸ ಬಟ್ಟೆಯ ಖರೀದಿ. ಹಳೆಯದನ್ನು ಉಳಿಸಿಕೊಳ್ಳಲು ಹುಟ್ಟಿದ ಕಲೆ ಹೊಸದನ್ನು ಕತ್ತರಿಸುವ ಹವ್ಯಾಸವಾಗಿ ಬದಲಾಗಿದೆ. ಈ ಬದಲಾವಣೆ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು ಎಂಬುದು ನಿಜ. ಆದರೆ ಪರದೆ ಅದನ್ನು ಪೂರ್ಣಗೊಳಿಸಿತು. ಅಲ್ಲಿ ಬಣ್ಣಕ್ಕೆ ಕೊರತೆಯಿಲ್ಲ, ತುಂಡು ಸಾಲದೆ ಬರುವುದಿಲ್ಲ, ಅಜ್ಜಿಯ ಸೀರೆಯ ಸೆರಗು ಅರ್ಧ ಗೇಣಷ್ಟೇ ಉಳಿದಿದೆ ಎಂಬ ಚಿಂತೆಯಿಲ್ಲ. ಕೊರತೆ ಇಲ್ಲದಲ್ಲಿ ಬಟ್ಟೆಯ ಮಾತು ಕೇಳುವ ಪ್ರಮೇಯವೂ ಇಲ್ಲ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಅಮೆರಿಕದ ಅಲಬಾಮ ರಾಜ್ಯದಲ್ಲಿ ‘ಜೀಸ್ ಬೆಂಡ್’ ಎಂಬ ಊರಿದೆ. ಗುಲಾಮರಾಗಿದ್ದವರ ಸಂತತಿಯ ಕಪ್ಪು ಮಹಿಳೆಯರು ಅಲ್ಲಿ ಹೊಲದ ಕೆಲಸದ ಹಳೆಯ ಬಟ್ಟೆಗಳಿಂದ ಹೊದಿಕೆ ಹೊಲಿಯುತ್ತ ಬಂದಿದ್ದರು. 2002ರಲ್ಲಿ ಅವು ಹ್ಯೂಸ್ಟನ್ನಿನ, ಆನಂತರ ನ್ಯೂಯಾರ್ಕಿನ ಕಲಾ ಸಂಗ್ರಹಾಲಯಗಳ ಗೋಡೆ ಏರಿದವು. ಜಗತ್ತು ಬೆರಗಾಯಿತು. ಅವುಗಳ ವಿನ್ಯಾಸ ಮನೆಬಳಕೆಯ ವಸ್ತುಗಳ ಮೇಲೂ ಬಂತು. 2007ರಲ್ಲಿ ಅವರಲ್ಲಿ ಕೆಲವರು ತಮಗೆ ಸಲ್ಲಬೇಕಾದದ್ದು ಸಂದಿಲ್ಲವೆಂದು ನ್ಯಾಯಾಲಯಕ್ಕೆ ಹೋದರು; ಮರುವರ್ಷ ಪ್ರಕರಣ ರಾಜಿಯಲ್ಲಿ ಮುಗಿಯಿತು. ಕಾನೂನಿನ ಮಟ್ಟಿಗೆ ವಿಷಯ ಮುಗಿದಿರಬಹುದು. ಆದರೆ ಇಂದು ಇಂತಹ ಹೊದಿಕೆಯ ಛಾಯಾಚಿತ್ರವನ್ನು ಪರದೆಗೆ ತಂದು, ಗೆರೆ ಎಳೆದು, ಬಣ್ಣ ಬದಲಿಸಿ, ಅಡಿಯಲ್ಲಿ ನಮ್ಮ ಹೆಸರು ಬರೆಯಲು ಒಂದು ಮಧ್ಯಾಹ್ನ ಸಾಕು. ಸಿದ್ದಿ ಕೌದಿಯನ್ನೂ ಹೀಗೆಯೇ ಎತ್ತಿಕೊಳ್ಳಬಹುದು. ಸಾಫ್ಟ್‌ವೇರ್ ಇದನ್ನು ತಡೆಯುವುದಿಲ್ಲ. ತಡೆಯಬೇಕಾದದ್ದು ಅದರ ಕೆಲಸವೂ ಅಲ್ಲ.

ನಮ್ಮದು ಎಂಬ ಮಾತಿನ ತಿರುಳು ಇಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ. ಒಂದು ವಿನ್ಯಾಸ ಎಲ್ಲಿಂದ ಬಂತು, ಯಾರಿಗೆ ಋಣಿಯಾಗಿದೆ, ಯಾರಿಗಾಗಿ ಮಾಡಿದ್ದು ಎಂದು ಕೇಳಿದರೆ ಉತ್ತರ ಕೊಡಲು ಸಿದ್ಧರಿರುವವರಿಗೆ ಅದನ್ನು ತಮ್ಮದೆನ್ನುವ ಹಕ್ಕಿದೆ. ಸಾಲ ಪಡೆದದ್ದನ್ನು ಒಪ್ಪಿಕೊಳ್ಳುವುದರಿಂದ ನಮ್ಮ ಪಾಲು ಕಡಿಮೆಯಾಗುವುದಿಲ್ಲ. ಬಚ್ಚಿಟ್ಟರೆ ಮಾತ್ರ ಅದು ಕಳವಾಗುತ್ತದೆ.

ಹಾಗಾಗಿ ಕಂಪ್ಯೂಟರಿನಲ್ಲಿ ಚೌಕ ಬರೆಯುವವರು ಬರೆಯಲಿ. ಬರೆಯುವ ಮೊದಲು ಮನೆಯ ಟ್ರಂಕು ತೆರೆದು ಏನೇನಿದೆ ಎಂದು ನೋಡಿಕೊಳ್ಳಲಿ. ಆ ತುಂಡುಗಳನ್ನೇ ಸ್ಕ್ಯಾನ್ ಮಾಡಿ ಪರದೆಗೆ ತರುವ ಸೌಲಭ್ಯವೂ ಅದರಲ್ಲಿದೆ. ಯಾವುದೋ ಊರಿನ, ಯಾವುದೋ ಸಮುದಾಯದ ಕೈಯಿಂದ ಕಲಿತದ್ದಾದರೆ ಆ ಊರಿನ ಹೆಸರು ಹೇಳಲಿ, ಮಾರಿದರೆ ಅವರ ಪಾಲು ಕೊಡಲಿ. ಮನೆಯ ಮಗು ಅದನ್ನು ಹೊದ್ದು ಮಲಗುವಾಗ ‘ಇದು ಯಾರ ಬಟ್ಟೆ, ಯಾರು ಕಲಿಸಿದ್ದು?’ ಎಂದು ಕೇಳಿದರೆ ಹೇಳಲು ಒಂದು ನಿಜವಾದ ಕಥೆ ಇರಬೇಕು.