ಅಡ್ವಾನ್ಸ್ ಎಂಬ ಮಾತು

ಹನುಮಂತನಗರದಲ್ಲಿ ಬಾಡಿಗೆ ಮನೆ ಕೇಳಲು ಹೋದವರು ಬಾಡಿಗೆಯ ಮೊತ್ತದ ಬೆನ್ನಿಗೇ ಕೇಳುವ ಮಾತು ‘ಅಡ್ವಾನ್ಸ್’. ಹತ್ತು ತಿಂಗಳ ಬಾಡಿಗೆಯನ್ನು ಹೀಗೆ ಪಡೆಯುವುದು ಬೆಂಗಳೂರಿನ ಬಹುಕಾಲದ ರೂಢಿ. 2021ರಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಹೇಳಿತು. ಮಾದರಿಯಾದುದರಿಂದ ಅದು ತಾನಾಗಿ ಯಾರನ್ನೂ ಕಟ್ಟುವುದಿಲ್ಲ.

ಈ ಶಬ್ದಕ್ಕೆ ಇಂಗ್ಲಿಷಿನಲ್ಲಿ ಮುಂದೆ ಸಾಗುವುದೆಂದು ಅರ್ಥ. ಹಣದ ವಿಷಯದಲ್ಲಿ, ಸಲ್ಲಬೇಕಾದುದನ್ನು ಮುಂಚಿತವಾಗಿ ಕೊಡುವುದು. ಕಲ್ಯಾಣಮಂಟಪಕ್ಕೆ ಕೊಡುವ ಮುಂಗಡ ಇಂಥದು. ಅದು ಪಡೆದವರದೇ, ಕೊನೆಗೆ ಲೆಕ್ಕದಲ್ಲಿ ಮುರಿದುಕೊಳ್ಳತಕ್ಕದ್ದು. 1976ರ ಜೀತಪದ್ಧತಿ ರದ್ದತಿ ಕಾಯಿದೆಯ ಇಂಗ್ಲಿಷ್ ಪಾಠದಲ್ಲಿಯೂ ಇದೇ ಶಬ್ದವಿದೆ. ಅಲ್ಲಿ ಪಡೆದವನು ಕಟ್ಟುಬೀಳುತ್ತಿದ್ದನು. ಬಾಡಿಗೆ ಮನೆಯಲ್ಲಿ, ವಿಚಿತ್ರವೆಂದರೆ, ಕೊಟ್ಟವನೇ ಕಟ್ಟುಬೀಳುತ್ತಾನೆ.

ಮನೆಗೆ ಕೊಡುವ ಹಣವು ವಾಸ್ತವವಾಗಿ ಮುಂಗಡವೇ ಅಲ್ಲ. ಬಾಡಿಗೆಯು ತಿಂಗಳು ತಿಂಗಳೂ ಬೇರೆಯಾಗಿ ಸಲ್ಲುತ್ತದೆ. ಇದು ನಂಬಿ ಇಟ್ಟ ಹಣ, ಶಾಸ್ತ್ರಕಾರರ ಮಾತಿನಲ್ಲಿ ನ್ಯಾಸ. ಹೆಸರು ತಪ್ಪಿದುದರಿಂದ ಭಾವನೆಯೂ ತಪ್ಪಿತೆಂದು ನನಗೆ ತೋರುತ್ತದೆ. ಮಗಳ ಮದುವೆಗೋ ಮೇಲಂತಸ್ತಿಗೋ ಅದು ಖರ್ಚಾಗಿಬಿಡುತ್ತದೆ. ಮನೆ ಬಿಡುವ ದಿನ ‘ಹೊಸಬರು ಬಂದು ಕೊಡಲಿ, ಆಗ ಕೊಡೋಣ’ ಎಂಬ ಉತ್ತರ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡ ಮೇಲೂ ಗೋಡೆಗಳು ಹಾಗೆಯೇ ಉಳಿಯುವುದುಂಟು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ನ್ಯಾಸಾಪಹಾರವನ್ನು ಎಣಿಸಿರುವುದು ಅಚೌರ್ಯದ ಅತಿಚಾರಗಳಲ್ಲಿ ಅಲ್ಲ, ಸತ್ಯಾಣುವ್ರತದ ಅತಿಚಾರಗಳಲ್ಲಿ. ಇದೇಕೆ? ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಇದರ ವಿವರಣೆಯಿದೆ: ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಬಲ್ಲವನು ‘ಹೌದು, ಅಷ್ಟೇ’ ಎಂದು ಸಮ್ಮತಿಸುವುದೇ ಈ ದೋಷ. ಅಲ್ಲಿ ಕೈ ಏನನ್ನೂ ಕಸಿಯಲಿಲ್ಲ; ನಡೆದುದೆಲ್ಲ ಮಾತಿನಲ್ಲಿ.

ಇದನ್ನು ಓದಿ ತಿಳಿದವನಾದರೂ ನಾನೇ ಒಮ್ಮೆ ಎಡವಿದೆ. ನಮ್ಮ ಮಹಡಿಯಲ್ಲಿ ಬಹುವರ್ಷ ಇದ್ದ ವೃದ್ಧ ದಂಪತಿಗಳು ಮನೆ ಬಿಡುವಾಗ, ಕರಾರು ನವೀಕರಿಸಿದಾಗ ಸೇರಿಸಿ ಕೊಟ್ಟಿದ್ದ ಹತ್ತು ಸಾವಿರವನ್ನು ಮರೆತು ಲೆಕ್ಕ ಹೇಳಿದರು. ನೆನಪಿದ್ದೂ ನಾನು ತಲೆಯಾಡಿಸಿದೆ. ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಕರಾರುಪತ್ರದೊಡನೆ ಹೋಗಿ ಹಣ ಕೊಟ್ಟೆ. ಯಜಮಾನರು ‘ಅಯ್ಯೋ, ನೀವೂ ಮರೆತಿದ್ದಿರಾ ಸ್ವಾಮಿ?’ ಎಂದರು. ‘ಹೌದು’ ಎಂದುಬಿಟ್ಟೆ. ಹಣ ಮರಳಿತು, ಅತಿಚಾರ ಮಾತ್ರ ಎರಡಾಯಿತು.

ಬಸದಿಗಳ ಟ್ರಸ್ಟುಗಳೂ ಮಳಿಗೆಗಳನ್ನು ಬಾಡಿಗೆಗೆ ಕೊಡುತ್ತವೆ. ಲೆಕ್ಕಪತ್ರದಲ್ಲಿ ಈ ಹಣವು ಕೊಡಬೇಕಾದ ಬಾಕಿಯೆಂದೇ ನಮೂದಾಗಿರುತ್ತದೆ. ಅಷ್ಟು ಮೊತ್ತ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇದೆಯೇ ಎಂದು ವಾರ್ಷಿಕ ಸಭೆಯಲ್ಲಿ ಯಾರಾದರೂ ಕೇಳಬಹುದು.