ಉಪಕರಣದ ಅಲಂಕಾರವೂ ಉದ್ದೇಶದ ಪ್ರಶ್ನೆಯೂ

ಒಕ್ಕಲಿಗನಿಗೆ ನೇಗಿಲು, ನೇಕಾರನಿಗೆ ಮಗ್ಗ, ವೈಣಿಕನಿಗೆ ವೀಣೆ, ಲೇಖಕನಿಗೆ ಲೇಖನಿ: ಹೀಗೆ ಪ್ರತಿಯೊಂದು ಕಾಯಕಕ್ಕೂ ತನ್ನದೇ ಆದ ಉಪಕರಣವುಂಟು. ಅದನ್ನು ಜೋಪಾನವಾಗಿ ಕಾಪಾಡುವುದು, ತನ್ನ ಕೈಗೆ ಹೊಂದುವಂತೆ ತಿದ್ದಿಕೊಳ್ಳುವುದು ಒಳ್ಳೆಯ ಕೆಲಸಗಾರನ ಲಕ್ಷಣ. ಉಪಕರಣವನ್ನು ಅಲಕ್ಷಿಸುವವನು ಕಾಯಕವನ್ನೂ ಅಲಕ್ಷಿಸುತ್ತಾನೆಂಬುದು ಅನುಭವಸಿದ್ಧವಾದ ಮಾತು. ಆದರೆ ಉಪಕರಣದ ಮೇಲಿನ ಈ ಪ್ರೀತಿಯು ಎಲ್ಲಿಯವರೆಗೆ ಗುಣವಾಗಿ ಉಳಿಯುತ್ತದೆ? ಎಲ್ಲಿಂದ ಮುಂದೆ ಅದು ಮೋಹವಾಗಿ ಪರಿಣಮಿಸುತ್ತದೆ? ಆ ಉಪಕರಣವು ಪ್ರಾಣವನ್ನು ತೆಗೆಯಬಲ್ಲ ಆಯುಧವಾಗಿದ್ದರೆ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕ ಬರುತ್ತದೆ.

ಈ ವಿಚಾರವನ್ನು ಎತ್ತಿಕೊಳ್ಳಲು ಒಂದು ಪತ್ರವೇ ಕಾರಣ. ಬಾಲ್ಯದಲ್ಲಿ ಶ್ರೀಮಠದ ಪ್ರಸಾದ ನಿಲಯದಲ್ಲಿ ನನ್ನೊಡನೆ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಸ್ನೇಹಿತರೊಬ್ಬರು ಬಹುಕಾಲದಿಂದ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಇಂಜಿನಿಯರ್ ಆಗಿ ನೆಲೆಸಿದ್ದಾರೆ. ನೆರೆಯವರ ಸಹವಾಸದಿಂದ ಅವರು ಒಂದು ಅರೆ-ಸ್ವಯಂಚಾಲಿತ ತೋಟಾಕೋವಿಯನ್ನು ಕೊಂಡರು. ಮೂರು ವರ್ಷಗಳ ಅವಧಿಯಲ್ಲಿ ಅದರ ಒಂದೊಂದೇ ಭಾಗವನ್ನು ಬದಲಾಯಿಸುತ್ತ, ಹೊಸದನ್ನು ಜೋಡಿಸುತ್ತ ಹೋದರು. ಹದಿನಾಲ್ಕು ವರ್ಷದ ಮಗನು ಪಕ್ಕದಲ್ಲಿ ಕುಳಿತು ತಿರುಪುಗಳನ್ನು ಎತ್ತಿಕೊಡುತ್ತಿದ್ದನಂತೆ. ಒಂದು ದಿನ ಅವನು ಪ್ರತಿಯೊಂದು ಭಾಗವನ್ನೂ ಮುಟ್ಟಿ “ಅಪ್ಪಾ, ಇದು ಯಾತಕ್ಕೆ?” ಎಂದು ಕೇಳುತ್ತ ಬಂದನು. ತಂದೆಯ ಬಳಿ ಎಲ್ಲಕ್ಕೂ ಉತ್ತರವಿತ್ತು. ಕೊನೆಗೆ ಹುಡುಗನು ಇಡೀ ಕೋವಿಯನ್ನು ತೋರಿಸಿ “ಇದೆಲ್ಲ ಸೇರಿ ಯಾತಕ್ಕೆ?” ಎಂದನು. ತಂದೆಗೆ ಉತ್ತರ ಹೊಳೆಯಲಿಲ್ಲ. “ನಾನು ಯಾರಿಗೂ ಕೇಡು ಮಾಡಿಲ್ಲ, ಇಲ್ಲಿಯ ಕಾನೂನನ್ನೂ ಮೀರಿಲ್ಲ. ಹಾಗಿದ್ದೂ ನನಗೇಕೆ ನಾಚಿಕೆಯಾಯಿತು?” ಎಂದು ಅವರು ನನ್ನನ್ನು ಕೇಳಿದ್ದಾರೆ.

ಒಂದು ಹವ್ಯಾಸವನ್ನು ತೂಗಿ ನೋಡುವ ಮೊದಲು ಅದನ್ನು ಅರಿತುಕೊಳ್ಳುವುದು ನ್ಯಾಯ. ಸಾಮಾನ್ಯವಾಗಿ ಇಂಥ ಕೋವಿಗಳು ಹನ್ನೆರಡನೆಯ ಬೋರಿನವು. ಒಂದು ಪೌಂಡ್ ಸೀಸದಿಂದ ಸಮತೂಕದ ಹನ್ನೆರಡು ಗುಂಡುಗಳನ್ನು ಎರೆದರೆ ಒಂದೊಂದು ಗುಂಡು ಎಷ್ಟು ದಪ್ಪವಾಗುವುದೋ, ನಳಿಗೆಯ ಒಳವ್ಯಾಸವೂ ಅಷ್ಟೇ; ಅಂದರೆ ಸುಮಾರು 18.5 ಮಿಲಿಮೀಟರ್. ಪ್ರತಿ ಈಡಿಗೂ ಕುದುರೆಯನ್ನು ಬೇರೆಯಾಗಿ ಎಳೆಯಬೇಕು. ಆದರೆ ಬರಿದಾದ ತೋಟಾವನ್ನು ಹೊರಚೆಲ್ಲಿ ಹೊಸದನ್ನು ನಳಿಗೆಗೆ ಏರಿಸುವ ಕೆಲಸವನ್ನು ಕೋವಿಯೇ ಮಾಡಿಕೊಳ್ಳುತ್ತದೆ. ಆದಕಾರಣವೇ ಇದಕ್ಕೆ ಅರೆ-ಸ್ವಯಂಚಾಲಿತವೆಂಬ ಹೆಸರು. ಈ ಬಗೆಯ ಕೋವಿಗಳಲ್ಲಿ ಮೊದಲು ಯಶಸ್ವಿಯಾದುದನ್ನು ರೂಪಿಸಿದವನು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. 1900ರಲ್ಲಿ ಪೇಟೆಂಟ್ ಪಡೆದ ಆ ರಚನೆಯು ಬೆಲ್ಜಿಯಮ್ಮಿನಲ್ಲಿ ತಯಾರಾಗತೊಡಗಿ, ಹೆಚ್ಚುಕಡಿಮೆ ಒಂದು ಶತಮಾನ ಬಾಳಿತು.

ಆ ಕೋವಿಯಲ್ಲಿ ಗಮನಾರ್ಹವಾದ ಒಂದು ಅಂಶವುಂಟು. ಈಡಿನ ಒದೆತಕ್ಕೆ ಅದರ ನಳಿಗೆಯೇ ಹಿಂದಕ್ಕೆ ಸರಿಯುತ್ತಿತ್ತು. ಆ ವೇಗವನ್ನು ತಗ್ಗಿಸಲು ಒಳಗೆ ಒಂದು ಘರ್ಷಣೆಯ ಬಳೆಯನ್ನು ಇಟ್ಟಿದ್ದರು. ಹಗುರವಾದ ತೋಟಾಗಳಿಗೆ ಬಳೆಯನ್ನು ಒಂದು ರೀತಿಯಲ್ಲಿಯೂ ಬಲವಾದವುಗಳಿಗೆ ಇನ್ನೊಂದು ರೀತಿಯಲ್ಲಿಯೂ ಒಡೆಯನು ಕೈಯಾರೆ ಜೋಡಿಸಬೇಕಾಗಿತ್ತು. ತಪ್ಪಿದರೆ ಹಗುರ ತೋಟಾಕ್ಕೆ ಕೋವಿ ತಿರುಗಿ ತುಂಬಿಕೊಳ್ಳುತ್ತಿರಲಿಲ್ಲ. ಬಲವಾದ ತೋಟಾ ಕೋವಿಯನ್ನೂ ಭುಜವನ್ನೂ ಜಜ್ಜುತ್ತಿತ್ತು. ಅಂದರೆ, ಒಡೆಯನು ಬಿಚ್ಚಿ ನೋಡಿ ಹೊಂದಿಸುವ ಕೆಲಸವು ಈ ಕೋವಿಯ ಹುಟ್ಟಿನೊಡನೆಯೇ ಬಂದುದು, ಮತ್ತು ಅದು ಅಗತ್ಯದಿಂದ ಬಂದುದು.

ಅನಂತರದ ಬದಲಾವಣೆಗಳಲ್ಲಿಯೂ ಯುಕ್ತವಾದವು ಹಲವಿವೆ. ಕೋವಿಯ ಹಿಂಬದಿಯ ಮರ ಉದ್ದವಾದರೆ ಕುಳ್ಳಗಿರುವವರಿಗೆ ಅದು ಭುಜಕ್ಕೆ ಸರಿಯಾಗಿ ಕೂಡುವುದಿಲ್ಲ. ಅದನ್ನು ಮೊಟಕುಗೊಳಿಸುವುದು ಉಚಿತ. ಕೆನ್ನೆ ಊರುವ ಅಂಚು ತಗ್ಗಾದರೆ ಕಣ್ಣು ನಳಿಗೆಯ ನೇರಕ್ಕೆ ಬಾರದು. ಅದನ್ನು ಎತ್ತರಿಸುವುದೂ ಉಚಿತ. ಒದೆತ ತಾಳಲಾರದವರು ರಬ್ಬರಿನ ಮೆತ್ತೆಯನ್ನು ಇರಿಸಿಕೊಳ್ಳುತ್ತಾರೆ. ವಯಸ್ಸಾಗಿ ದೃಷ್ಟಿ ಮಂದವಾದವರು ಕೆಂಪು ಚುಕ್ಕೆ ತೋರುವ ಗುರಿದರ್ಪಣವನ್ನು ಅಳವಡಿಸುತ್ತಾರೆ. ಇವೆಲ್ಲವೂ ಚಪ್ಪಲಿಯನ್ನು ಪಾದಕ್ಕೆ ತಕ್ಕಂತೆ ಹೊಲಿಸಿಕೊಂಡ ಹಾಗೆ. ಈ ಕೆಲಸದಲ್ಲಿ ತಾಳ್ಮೆಯುಂಟು, ಕೈಚಳಕವುಂಟು, ಯಂತ್ರದ ಮರ್ಮವನ್ನು ಅರಿಯುವ ಆನಂದವುಂಟು. ಕೊಂಡು ತಂದುದನ್ನು ಬಿಚ್ಚಿಯೂ ನೋಡದೆ ಬಳಸಿ ಎಸೆಯುವ ಈ ಕಾಲದಲ್ಲಿ ಇಂಥ ಗುಣಗಳು ಅಲ್ಪವೆಂದು ಯಾರೂ ಹೇಳಲಾರರು.

ಆದರೆ ಜೋಡಣೆಯು ಇಷ್ಟಕ್ಕೇ ನಿಲ್ಲುವುದಿಲ್ಲ. ಕುದುರೆಯ ಬಿಗುವನ್ನು ಸಡಿಲಿಸುತ್ತಾರೆ. ತೋಟಾ ತುಂಬುವ ಬಾಯಿಯನ್ನು ಅರೆದು ಅಗಲಿಸುತ್ತಾರೆ. ನಳಿಗೆಯ ಕೆಳಗಿನ ತೋಟಾಗಳ ಕೊಳವೆಗೆ ಇನ್ನೊಂದು ಕೊಳವೆಯನ್ನು ಸೇರಿಸುತ್ತಾರೆ. ಮಗ್ಗುಲಿಗೆ ಆರು ತೋಟಾ ಹಿಡಿಯುವ ಪಟ್ಟಿ, ಮುಂದಕ್ಕೆ ದೀಪ, ಅದನ್ನು ಹಿಡಿಯಲು ಕೊಂಡಿ. ಹನ್ನೆರಡನೆಯ ಬೋರಿನ ಒಂದು ತೋಟಾ ಸುಮಾರು 45ರಿಂದ 50 ಗ್ರಾಂ ತೂಗುತ್ತದೆ; ಆರು ಸೇರಿದರೆ ಕಾಲು ಕಿಲೋಗ್ರಾಮಿಗೂ ಹೆಚ್ಚು. ಹೊರೆ ಒಂದು ಮಗ್ಗುಲಿಗೆ ವಾಲಿತೆಂದು ಬೇರೆ ಹಿಡಿಯನ್ನು ತರಬೇಕು. ಆ ಪಟ್ಟಿಯ ತಿರುಪುಗಳನ್ನು ಹೆಚ್ಚು ಬಿಗಿದರೆ ಒಳಗಿನ ಚಲನೆಯೇ ಸಿಕ್ಕಿಬೀಳುವುದುಂಟು. ಈಡು ಹೆಚ್ಚಲೆಂದು ತೊಡಿಸಿದ ಪಟ್ಟಿಯೇ ಈಡನ್ನು ತಡೆಯುತ್ತದೆ!

ಫ್ರಾನ್ಸಿನ ತತ್ತ್ವಜ್ಞ ದಿದರೊ 1769ರಲ್ಲಿ ತನ್ನ ಹಳೆಯ ನಿಲುವಂಗಿಯನ್ನು ಕುರಿತು ಒಂದು ಪ್ರಬಂಧವನ್ನು ಬರೆದನು. ಬೆಲೆಬಾಳುವ ಹೊಸ ನಿಲುವಂಗಿ ಬಂದೊಡನೆ ಮನೆಯಲ್ಲಿದ್ದ ಮಿಕ್ಕ ವಸ್ತುಗಳು ಅದರ ಮುಂದೆ ದರಿದ್ರವಾಗಿ ಕಂಡುವು. ಒಂದೊಂದಾಗಿ ಅವೆಲ್ಲವನ್ನೂ ಬದಲಾಯಿಸಬೇಕಾಯಿತು. ಹಳೆಯ ನಿಲುವಂಗಿಗೆ ತಾನು ಒಡೆಯನಾಗಿದ್ದೆ, ಹೊಸದಕ್ಕೆ ದಾಸನಾದೆ ಎಂಬುದು ಅವನ ಕೊರಗು. ನಮ್ಮ ಸ್ನೇಹಿತರ ಕೋವಿಯಲ್ಲಿ ನಡೆದುದೂ ಇದೇ. ಒಂದು ಭಾಗವು ಇನ್ನೊಂದನ್ನು ಬೇಡಿತು. ಬೇಡಿದುದನ್ನೆಲ್ಲ ಅವರು ತಂದುಕೊಟ್ಟರು.

ಇದಕ್ಕೆ ಮೂಲವೆಲ್ಲಿ? ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಆರಂಭದಲ್ಲಿಯೇ ಒಂದು ಉದಾಹರಣೆಯನ್ನು ಕೊಡುತ್ತಾನೆ. ಕಡಿವಾಣವನ್ನು ಮಾಡುವ ವಿದ್ಯೆಯು ಕುದುರೆ ಸವಾರಿಗೆ ಅಧೀನ. ಸವಾರಿಯು ಯುದ್ಧವಿದ್ಯೆಗೆ ಅಧೀನ. ಕಡಿವಾಣ ಹೇಗಿರಬೇಕೆಂಬುದನ್ನು ಸವಾರಿಯೇ ನಿರ್ಣಯಿಸುತ್ತದೆ. ಅಂದರೆ, ಮೇಲಿನ ಉದ್ದೇಶವು ಕೆಳಗಿನ ಕಸುಬಿಗೆ ಅಳತೆಯನ್ನು ಕೊಡುತ್ತದೆ. ಇಷ್ಟು ಸಾಕು ಎಂಬ ಮಾತು ಮೇಲಿನಿಂದ ಬರುತ್ತದೆ. ಸವಾರಿಯನ್ನೇ ಮರೆತು ಕಡಿವಾಣವನ್ನು ಮಾಡುತ್ತ ಕುಳಿತವನಿಗೆ ಸಾಕು ಎನ್ನುವವರು ಯಾರು? ಉದ್ದೇಶವಿಲ್ಲದ ಜೋಡಣೆಗೆ ಕೊನೆಯಿಲ್ಲದಿರುವುದು ಈ ಕಾರಣದಿಂದ. ಸ್ನೇಹಿತರ ನಾಚಿಕೆಯ ಕಾರಣವನ್ನೂ ನಾನು ಇಲ್ಲಿಯೇ ಕಾಣುತ್ತೇನೆ.

ಕೋವಿಗೆ ಉದ್ದೇಶವೇ ಇಲ್ಲವೇ ಎಂದು ಕೇಳಬಹುದು. ಉಂಟು, ಬೇಟೆ, ಕ್ರೀಡೆ, ರಕ್ಷಣೆ ಎಂದು ಮೂರನ್ನು ಹೇಳುತ್ತಾರೆ. ಆ ಉದ್ದೇಶಗಳನ್ನು ಮನಃಪೂರ್ವಕವಾಗಿ ಒಪ್ಪಿದವನಿಗೆ ಅವು ಏನನ್ನು ವಿಧಿಸುತ್ತವೆ ಎಂಬುದನ್ನು ನೋಡೋಣ.

ಮೊದಲು ಬೇಟೆ. ಅಮೆರಿಕದ ಆಕಾಶವನ್ನು ಒಮ್ಮೆ ಕೋಟಿಕೋಟಿ ಸಂಖ್ಯೆಯಲ್ಲಿ ಕವಿಯುತ್ತಿದ್ದ ಪ್ರಯಾಣಿಕ ಪಾರಿವಾಳಗಳನ್ನು ಅಲ್ಲಿನ ಜನ ಕೊಂದು ಮುಗಿಸಿದರು. ಆ ಕುಲದ ಕಡೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದ ಪಂಜರದಲ್ಲಿ ಸತ್ತಿತು. 1918ರಲ್ಲಿ ವಲಸೆ ಹಕ್ಕಿಗಳ ರಕ್ಷಣೆಗೆ ಕಾಯಿದೆ ಬಂದಿತು. 1935ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಲಸೆ ಹಕ್ಕಿಗಳ ಬೇಟೆಗೆ ಒಯ್ಯುವ ಕೋವಿಯು ಮೂರಕ್ಕಿಂತ ಹೆಚ್ಚು ತೋಟಾಗಳನ್ನು ಹಿಡಿಯಕೂಡದೆಂಬ ನಿಯಮವಿದೆ. ಅದಕ್ಕಾಗಿ ಬೇಟೆಗಾರನು ತೋಟಾಗಳ ಕೊಳವೆಯೊಳಗೆ ಒಂದು ಅಡ್ಡಕಡ್ಡಿಯನ್ನು ಇಡುತ್ತಾನೆ. ಎಷ್ಟೋ ವೇಳೆ ಅದೊಂದು ಮರದ ತುಂಡು. ಕೋವಿಯನ್ನು ಬಿಚ್ಚದೆ ಅದನ್ನು ತೆಗೆಯಲು ಬಾರದಂತಿರಬೇಕು. ವಿಚಾರಮಾಡಿ ನೋಡಿದರೆ ಇದೂ ಒಂದು ಜೋಡಣೆಯೇ. ಒಬ್ಬನು ಹೆಚ್ಚು ತೋಟಾ ಹಿಡಿಯಲೆಂದು ಕೊಳವೆಯನ್ನು ಹಣ ಕೊಟ್ಟು ಉದ್ದಗೊಳಿಸುತ್ತಾನೆ. ಇನ್ನೊಬ್ಬನು ಹಕ್ಕಿಯ ಸಂತತಿ ಉಳಿಯಲೆಂದು ಅದೇ ಕೊಳವೆಯನ್ನು ಮರದ ತುಂಡಿನಿಂದ ಮೊಟಕುಗೊಳಿಸುತ್ತಾನೆ. ನಾವು ಜೀವಹಿಂಸೆಯನ್ನು ಒಪ್ಪದವರು. ಬೇಟೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೂ ಆ ಮರದ ತುಂಡಿನಲ್ಲಿ ಇರುವ ವಿವೇಕವನ್ನು ಮೆಚ್ಚದಿರಲಾರೆ.

ಇನ್ನು ಕ್ರೀಡೆ. ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವ ಆಟಗಳಲ್ಲಿ ಒಂದು ಸರದಿಗೆ ತುಂಬುವುದು ಒಂದೋ ಎರಡೋ ತೋಟಾಗಳನ್ನು ಮಾತ್ರ. ರೈಫಲ್, ಪಿಸ್ತೂಲು, ತೋಟಾಕೋವಿ ಮೂರನ್ನೂ ಬಳಸುವ ಸ್ಪರ್ಧೆಗಳು ಅಲ್ಲಿವೆ. ಅವುಗಳಲ್ಲಿ ಉದ್ದನೆಯ ಕೊಳವೆಗೂ ಅಗಲವಾದ ಬಾಯಿಗೂ ನಿಜವಾದ ಉಪಯೋಗವಿದೆ. ಅಲ್ಲಿ ವರ್ಗಗಳುಂಟು, ನಿಯಮಗಳುಂಟು. ನಮ್ಮ ಸ್ನೇಹಿತರಾದರೋ ವರ್ಷಕ್ಕೆ ಮೂರು ನಾಲ್ಕು ಬಾರಿ ಮಣ್ಣಿನ ಬಿಲ್ಲೆಗಳನ್ನು ಹೊಡೆದುದಷ್ಟೇ. ಒಂದು ತೋಟಾದ ಆಟಕ್ಕೆ ಎಂಟು ತೋಟಾಗಳ ಕೊಳವೆ!

ಕಡೆಯದು ರಕ್ಷಣೆ. ಮನೆಮಂದಿಯನ್ನು ಕಾಯುವ ಆಸೆ ಸಹಜವಾದುದು, ಅದನ್ನು ಹೀಯಾಳಿಸಲಾಗದು. ಆದರೆ ಅಪಾಯವು ಹೊರಗಿನಿಂದ ಮಾತ್ರವೇ ಬರುವುದೆಂದು ತಿಳಿಯುವುದು ತಪ್ಪು. 2021ರಲ್ಲಿ ಅಮೆರಿಕದಲ್ಲಿ ಬಂದೂಕುಗಳಿಂದ ಸತ್ತವರು 48,000ಕ್ಕೂ ಹೆಚ್ಚು ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು. ಮನೆಯೊಳಗಿನ ಕೋವಿಯು ಮನೆಯೊಳಗಿನವರ ದುಃಖದ ಗಳಿಗೆಗೂ ಕೈಗೆಟುಕುವಂಥದು. ಹಾಗಿರುವಾಗ, ರಕ್ಷಣೆಯೇ ಉದ್ದೇಶವೆನ್ನುವವನು ಎಲ್ಲಕ್ಕಿಂತ ಮೊದಲು ತರಬೇಕಾದುದು ಭದ್ರವಾದ ಬೀಗ ಮತ್ತು ಉಕ್ಕಿನ ಪೆಟ್ಟಿಗೆ. ಆದರೆ ಬೀಗಕ್ಕೆ ಹೊಳಪಿಲ್ಲ, ಅದನ್ನು ಸ್ನೇಹಿತರಿಗೆ ತೋರಿಸಿ ಮೆರೆಯಲು ಬರುವುದಿಲ್ಲ. ಸ್ನೇಹಿತರು ತಮ್ಮ ಪತ್ರದಲ್ಲಿ ಹನ್ನೊಂದು ಜೋಡಣೆಗಳನ್ನು ಹೆಸರಿಸಿದ್ದಾರೆ. ಬೀಗದ ಹೆಸರು ಅದರಲ್ಲಿಲ್ಲ.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಮೋಟಾರು ವಾಹನವನ್ನು ಸಿಂಗರಿಸುವವರಿಲ್ಲವೇ, ಲೇಖನಿಗಳನ್ನು ಕೂಡಿಡುವವರಿಲ್ಲವೇ, ಕೋವಿಯೊಂದನ್ನೇ ಏಕೆ ದೂರಬೇಕು? ಈ ಮಾತಿನಲ್ಲಿ ಸತ್ಯವಿದೆ. ಮೋಹದ ಸ್ವರೂಪವು ಎಲ್ಲೆಡೆಯೂ ಒಂದೇ. ಯಾರಿಗೂ ಕೇಡು ಬಗೆಯದ ಹವ್ಯಾಸಿಯನ್ನು ಪಾಪಿಯೆನ್ನುವುದು ಅನ್ಯಾಯ. ಆದರೆ ಬಳಸದ ಲೇಖನಿ ಒಣಗುತ್ತದೆ, ಅಷ್ಟೇ. ತೋಟಾ ತುಂಬಿದ ಕೋವಿಯ ಒಂದು ಮರೆವನ್ನು ತಿದ್ದಲು ಎರಡನೆಯ ಅವಕಾಶವಿಲ್ಲ. ಆಯುಧವು ಆಟಿಕೆಯಂತೆ ಕಾಣತೊಡಗಿದಷ್ಟೂ ಅದು ಆಯುಧವೆಂಬ ಭಯ ಕುಗ್ಗುತ್ತದೆ. ಅಲಂಕಾರದ ನಿಜವಾದ ದೋಷವು ಈ ಮರೆವೇ ಆಗಿದೆ.

ಆಯುಧವನ್ನು ಅಲಂಕರಿಸುವುದು ನಮ್ಮ ನಾಡಿಗೂ ಹೊಸತಲ್ಲ. 1834ರವರೆಗೆ ಹಾಲೇರಿಯ ಲಿಂಗಾಯತ ಅರಸರು ಆಳಿದ ಕೊಡಗಿನಲ್ಲಿ, ಭತ್ತದ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ ಕೊಡವರು ಕೈಲ್ ಮುಹೂರ್ತವನ್ನು ಆಚರಿಸುತ್ತಾರೆ. ಕೋವಿ, ಕತ್ತಿಗಳನ್ನು ಶುಚಿಗೊಳಿಸಿ, ದೇವರ ಮುಂದಿಟ್ಟು, ಅವಕ್ಕೆ ಹೂವನ್ನು ಏರಿಸುತ್ತಾರೆ. ಆ ಹೂವಿನ ಹೆಸರೇ ತೋಕ್ ಪೂ, ಅಂದರೆ ಕೋವಿಯ ಹೂ. ನಾವು ಅಗ್ನಿಶಿಖೆ ಎನ್ನುವ ಗಿಡದ ಕೆಂಪು ಹಳದಿಯ ಹೂ. ಇಂದು ಬೇಟೆಗೆ ಕಾನೂನಿನ ನಿಷೇಧವಿರುವುದರಿಂದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಆ ಅಲಂಕಾರದ ಆಯುಷ್ಯ ಅಲ್ಪ. ಹೂ ಬಾಡುತ್ತದೆ; ಕೋವಿ ಮೊದಲಿನ ಕೋವಿಯಾಗಿಯೇ ಉಳಿಯುತ್ತದೆ. ದೇವರ ಮುಂದೆ ಇಟ್ಟುದನ್ನು ಕೈಗೆತ್ತಿಕೊಳ್ಳುವವನಿಗೆ ತಾನು ಯಾರಿಗೆ ಉತ್ತರ ಹೇಳಬೇಕಾದವನೆಂಬ ನೆನಪು ಬರುತ್ತದೆ. ಮಹಾನವಮಿಯಂದು ನಾವು ಮಾಡುವ ಆಯುಧಪೂಜೆಯ ಇಂಗಿತವೂ ಇದೇ ಅಲ್ಲವೇ?

ಸ್ನೇಹಿತರಿಗೆ ನಾನು ಬರೆದ ಉತ್ತರ ಚಿಕ್ಕದು. ಕೋವಿಯನ್ನು ಎಸೆಯಿರಿ ಎಂದು ನಾನು ಬರೆಯಲಿಲ್ಲ. ಅದು ಅವರ ನಾಡು, ಅವರ ನಿರ್ಣಯ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಕಡೆಯ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಳ್ಳಿರಿ. ಆ ಉತ್ತರಕ್ಕೆ ಬೇಕಾದ ಭಾಗಗಳನ್ನು ಉಳಿಸಿ ಮಿಕ್ಕವನ್ನು ಬಿಚ್ಚಿರಿ. ಉತ್ತರ ದೊರೆಯದಿದ್ದರೆ ಅದನ್ನೂ ಅವನ ಮುಂದೆ ಒಪ್ಪಿಕೊಳ್ಳಿರಿ. ಬೀಗವನ್ನು ಮಾತ್ರ ಈ ದಿನವೇ ತನ್ನಿರಿ ಎಂದು ಬರೆದೆ. ಹುಡುಗನು ಕೇಳಿದುದು ತಂದೆಯನ್ನು ಹಳಿಯಲೆಂದಲ್ಲ, ತಿಳಿಯಲೆಂದು. ತಿಳಿಯಲು ಬಂದವನಿಗೆ ಮೌನವು ಉತ್ತರವಾಗಬಾರದು.

ಭಕ್ತಮಹಾಶಯರೇ, ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಕೋವಿಯಿಲ್ಲ. ಆದರೆ ಹೊರಗಿನ ಜೋಡಣೆ ಮುಗಿಯದೆ ಒಳಗಿನ ಕೆಲಸ ಮೊದಲಾಗದ ವಸ್ತುಗಳು ಎಲ್ಲರ ಮನೆಯಲ್ಲಿಯೂ ಇವೆ: ವಾಹನವಿದೆ, ದೂರವಾಣಿಯಿದೆ, ಓದದ ಗ್ರಂಥಗಳ ಕಪಾಟಿದೆ. ಅವುಗಳ ಮುಂದೆ ನಿಂತು ‘ಇದೆಲ್ಲ ಸೇರಿ ಯಾತಕ್ಕೆ?’ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಉತ್ತರವು ದೊರೆತರೆ ಆ ವಸ್ತುವಿನ ಅಳತೆಯೂ ಅದರೊಡನೆಯೇ ದೊರೆಯುತ್ತದೆ.